ಮನೆಗೆ ನಿಶ್ಶಬ್ದ, ಕಿವಿಗೆ ಗದ್ದಲ

ರಾತ್ರಿ ಹತ್ತು ಗಂಟೆ. ಹೊರಗೆ ಜುಲೈ ತಿಂಗಳ ಮಳೆ ಹೆಂಚಿನ ಮೇಲೆ ಒಂದೇ ಸಮನೆ ಸುರಿಯುತ್ತಿದೆ. ಅಜ್ಜಿ ಮಲಗಿ ಒಂದು ಗಂಟೆಯಾಯಿತು. ಬೆಳಗಾಗುತ್ತಲೇ ತೋಟಕ್ಕೆ ಇಳಿಯಬೇಕಾದ ತಂದೆಯೂ ಮಲಗಿದ್ದಾರೆ. ಪಕ್ಕದ ಕೋಣೆಯಲ್ಲಿ ಹದಿನಾರು ವರ್ಷದ ಮಗ ಹೆಡ್‌ಫೋನ್ ಹಾಕಿಕೊಂಡು ಎಲೆಕ್ಟ್ರಿಕ್ ಗಿಟಾರ್ ಅಭ್ಯಾಸ ಮಾಡುತ್ತಿದ್ದಾನೆ. ಬಾಗಿಲಿಗೆ ಕಿವಿಗೊಟ್ಟರೆ ತಂತಿಯ ಮೇಲೆ ಬೆರಳು ಓಡುವ ಸಣ್ಣ ‘ಚಿಟ್ ಚಿಟ್’ ಬಿಟ್ಟರೆ ಬೇರೆ ಸದ್ದಿಲ್ಲ. ತಾಯಿಗೆ ಸಮಾಧಾನ. ಕಳೆದ ವರ್ಷ ಆ ಸ್ಪೀಕರ್ ಪೆಟ್ಟಿಗೆಯಿಂದಾಗಿ ಮನೆಯಲ್ಲಿ ಎಷ್ಟು ಜಗಳವಾಗಿತ್ತು!

ಮಡಿಕೇರಿಯಿರಲಿ, ವಿರಾಜಪೇಟೆಯಿರಲಿ, ಸೋಮವಾರಪೇಟೆಯಿರಲಿ, ಗಿಟಾರ್ ಕಲಿಯುವ ಮಕ್ಕಳಿರುವ ಯಾವ ಮನೆಯಲ್ಲಾದರೂ ಇಂಥ ರಾತ್ರಿಯನ್ನು ಕಲ್ಪಿಸಿಕೊಳ್ಳಬಹುದು. ಆದರೆ ಆ ತಾಯಿಯ ಸಮಾಧಾನದಲ್ಲಿ ಒಂದು ಸಣ್ಣ ತಪ್ಪು ಲೆಕ್ಕವಿದೆ. ಸದ್ದು ಎಲ್ಲಿಗೂ ಹೋಗಿಲ್ಲ. ಕೋಣೆಯಲ್ಲಿ ಹರಡಿ, ಗೋಡೆಗೆ ಬಡಿದು, ಕಿಟಕಿಯಿಂದ ಹೊರಗೆ ಹೋಗುತ್ತಿದ್ದ ಸದ್ದು ಈಗ ಒಬ್ಬನ ಎರಡು ಕಿವಿಗಳೊಳಗೆ ಸೇರಿಕೊಂಡಿದೆ, ಅಷ್ಟೆ. ಮೊದಲಾದರೆ ಸದ್ದು ಮಿತಿ ಮೀರಿದೊಡನೆ “ಸ್ವಲ್ಪ ಕಡಿಮೆ ಮಾಡೋ!” ಎಂಬ ಕೂಗು ಅಡುಗೆಮನೆಯಿಂದಲೋ ಜಗಲಿಯಿಂದಲೋ ಬಂದೇ ಬರುತ್ತಿತ್ತು. ಆ ಗದರಿಕೆ ಮನೆಯವರಿಗೇ ತಿಳಿಯದಂತೆ ಹುಡುಗನ ಕಿವಿಯನ್ನು ಕಾಯುತ್ತಿತ್ತು. ಹೆಡ್‌ಫೋನ್ ಬಂದ ಮೇಲೆ ಎಷ್ಟು ಜೋರಾಗಿದೆ ಎಂಬುದು ಅವನೊಬ್ಬನಿಗೇ ಗೊತ್ತು. ಅರ್ಧ ಗಂಟೆ ಕಳೆದರೆ ಅವನಿಗೂ ಗೊತ್ತಾಗುವುದಿಲ್ಲ.

ಹಾಗೆಂದು ಹೆಡ್‌ಫೋನ್ ಬೇಡ ಎಂದು ಹೇಳುವುದು ನನ್ನ ಉದ್ದೇಶವಲ್ಲ. ರಾತ್ರಿಯ ನಿದ್ರೆ ವಯಸ್ಸಾದವರಿಗೂ ದುಡಿಯುವವರಿಗೂ ಔಷಧವಿದ್ದಂತೆ. ನಮ್ಮ ದೇಶದ 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಗಿನ 6 ಗಂಟೆಯವರೆಗೆ ವಸತಿ ಪ್ರದೇಶಕ್ಕೆ 45 ಡೆಸಿಬೆಲ್ ಮಿತಿ ಹಾಕಿವೆ. ಸಾಮಾನ್ಯ ಮಾತುಕತೆಯೇ 60ರ ಆಸುಪಾಸು ಇರುತ್ತದೆ. ಸ್ಪೀಕರ್ ಹಚ್ಚಿ ಈ ಮಿತಿಯೊಳಗೆ ಗಿಟಾರ್ ನುಡಿಸಲು ಸಾಧ್ಯವಿಲ್ಲ. ಶಾಲೆ, ಟ್ಯೂಷನ್, ಮನೆಗೆಲಸ ಎಲ್ಲ ಮುಗಿದ ಮೇಲೆ ಉಳಿಯುವುದು ರಾತ್ರಿಯೇ ಆದ್ದರಿಂದ ಹೆಡ್‌ಫೋನ್ ಬೇಕೇ ಬೇಕು. ಅದನ್ನು ಕಡಿಮೆ ಖರ್ಚಿನಲ್ಲಿ, ಕಿವಿ ಕೆಡದಂತೆ ಬಳಸುವುದು ಹೇಗೆ ಎಂಬುದು ಈ ವಾರದ ವಿಷಯ.

ಒಳಗಿವಿಯಲ್ಲಿ ಆಗುವುದೇನು?

ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿದ ಕಾಕ್ಲಿಯಾ ಎಂಬ ಅಂಗವಿದೆ. ಅದರೊಳಗೆ ಒಂದೊಂದು ಕಿವಿಗೆ ಸುಮಾರು 15 ಸಾವಿರದಷ್ಟು ರೋಮಕೋಶಗಳಿರುತ್ತವೆ. ಸದ್ದಿನ ಕಂಪನಕ್ಕೆ ಇವುಗಳ ತುದಿಯ ಸೂಕ್ಷ್ಮ ರೋಮಗಳು ಬಾಗುತ್ತವೆ. ಆಗ ನರದ ಮೂಲಕ ಮಿದುಳಿಗೆ ಸಂದೇಶ ಹೋಗುತ್ತದೆ. ಗಾಳಿಗೆ ಭತ್ತದ ಪೈರು ಬಾಗಿ ಮತ್ತೆ ನೆಟ್ಟಗಾಗುವುದನ್ನು ನೆನೆಯಿರಿ. ಬಿರುಗಾಳಿ ಬೀಸಿದರೆ ಪೈರು ಮಲಗುತ್ತದೆ, ಗಾಳಿ ನಿಂತ ಮೇಲೆ ಸ್ವಲ್ಪ ಹೊತ್ತಿನಲ್ಲಿ ಏಳಲೂಬಹುದು. ಪ್ರತಿದಿನ ಬಿರುಗಾಳಿಯಾದರೆ ಏಳುವುದಿಲ್ಲ. ಪೈರನ್ನಾದರೆ ಮುಂದಿನ ವರ್ಷ ಮತ್ತೆ ನೆಡಬಹುದು. ಮನುಷ್ಯನ ಕಿವಿಯ ರೋಮಕೋಶ ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಇದಕ್ಕೆ ಮಾತ್ರೆಯಾಗಲಿ, ಟಾನಿಕ್ ಆಗಲಿ, ಶಸ್ತ್ರಚಿಕಿತ್ಸೆಯಾಗಲಿ ಇಲ್ಲ.

ಸದ್ದಿನಿಂದಾಗುವ ಹಾನಿ ಸಾಮಾನ್ಯವಾಗಿ 4,000 ಹರ್ಟ್ಜ್ ಸುತ್ತಲಿನ ಮೇಲಿನ ಧ್ವನಿಗಳಲ್ಲಿ ಮೊದಲು ಕಾಣಿಸಿಕೊಳ್ಳುತ್ತದೆ. ಗಿಟಾರ್ ನುಡಿಸುವವರು ಇದನ್ನು ವಿಶೇಷವಾಗಿ ಗಮನಿಸಬೇಕು. ಆರು ತಂತಿಯ ಗಿಟಾರಿನ ಅತಿ ಕೆಳಗಿನ ಸ್ವರ ಸುಮಾರು 82 ಹರ್ಟ್ಜ್, ಅತಿ ಮೇಲಿನ ಸ್ವರ 1,300 ಹರ್ಟ್ಜ್ ಆಸುಪಾಸು. ಅಂದರೆ 4,000ದ ಬಳಿ ಕಿವಿ ಮಂದವಾದರೂ ಗಿಟಾರಿನ ಎಲ್ಲ ಸ್ವರಗಳೂ ಕೇಳಿಸುತ್ತಲೇ ಇರುತ್ತವೆ, ಶ್ರುತಿಯೂ ತಪ್ಪುವುದಿಲ್ಲ. ಕಡಿಮೆಯಾಗುವುದು ಸ್ವರದ ಮೇಲಿನ ಹೊಳಪು ಮಾತ್ರ. “ಈ ಗಿಟಾರ್ ಯಾಕೋ ಮಂಕು” ಎಂದುಕೊಂಡು ಹುಡುಗ ಟ್ರೆಬಲ್ ಗುಂಡಿ ತಿರುಗಿಸುತ್ತಾನೆ, ಹೊಸ ತಂತಿ ಹಾಕುತ್ತಾನೆ. ಮಂಕಾಗಿರುವುದು ಕಿವಿ ಎಂಬ ಸಂಶಯವೇ ಅವನಿಗೆ ಬರುವುದಿಲ್ಲ.

ಮಾತಿನಲ್ಲೂ ಹೀಗೆಯೇ. ಆ, ಈ, ಊ ಮುಂತಾದ ಸ್ವರಗಳು ಕೆಳಗಿನ ಕಂಪನಗಳಲ್ಲಿರುವುದರಿಂದ ಚೆನ್ನಾಗಿ ಕೇಳಿಸುತ್ತವೆ. ಸ, ಶ, ಚ, ತ ಇಂಥ ವ್ಯಂಜನಗಳು ಜಾರಿಹೋಗುತ್ತವೆ. “ಸದ್ದು ಕೇಳುತ್ತದೆ, ಮಾತು ಅರ್ಥವಾಗುವುದಿಲ್ಲ” ಎಂದು ಹಿರಿಯರು ಹೇಳುವುದಕ್ಕೆ ಇದೇ ಕಾರಣ. ಮದುವೆಮನೆಯಲ್ಲಿ ವಾಲಗ ಊದುತ್ತಿರುವಾಗ ಪಕ್ಕದವರ ಮಾತಿಗೆ ಸುಮ್ಮನೆ ತಲೆಯಾಡಿಸುವ ಅಜ್ಜನನ್ನು ನೀವೂ ನೋಡಿರಬಹುದು. ಇಪ್ಪತ್ತೈದನೆಯ ವಯಸ್ಸಿಗೇ ಆ ಸ್ಥಿತಿ ಬಂದರೆ?

ಇದು ಹೆದರಿಸಲು ಹೇಳಿದ ಮಾತಲ್ಲ. 1964ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ ‘ದಿ ಹೂ’ ಎಂಬ ಪ್ರಸಿದ್ಧ ರಾಕ್ ತಂಡದ ಗಿಟಾರ್ ವಾದಕ ಪೀಟ್ ಟೌನ್‌ಷೆಂಡ್ ಅವರ ಶ್ರವಣಶಕ್ತಿ ತೀವ್ರವಾಗಿ ಕುಗ್ಗಿತು, ಕಿವಿಯೊಳಗಿನ ಮೊರೆತವೂ ಜೊತೆಗೂಡಿತು. ಆ ತಂಡ ವೇದಿಕೆಯ ಮೇಲೆ ಮಾಡುತ್ತಿದ್ದ ಅಬ್ಬರ ಲೋಕಪ್ರಸಿದ್ಧ. ಆದರೆ ತಮ್ಮ ಕಿವಿ ಹಾಳಾದದ್ದಕ್ಕೆ ವೇದಿಕೆಗಿಂತ ಹೆಚ್ಚಾಗಿ ಸ್ಟುಡಿಯೋದಲ್ಲಿ ಬಳಸಿದ ಹೆಡ್‌ಫೋನುಗಳೇ ಕಾರಣ ಎಂದು ಟೌನ್‌ಷೆಂಡ್ 2006ರ ಆರಂಭದಲ್ಲಿ ಬಹಿರಂಗವಾಗಿ ಹೇಳಿಕೊಂಡರು. ಹೆಡ್‌ಫೋನ್ ಹಾಕಿಕೊಂಡ ಮಾತ್ರಕ್ಕೆ ಸದ್ದು ಸೌಮ್ಯವಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

ಕೈ ಗುಂಡಿಯ ಕಡೆಗೇ ಏಕೆ ಹೋಗುತ್ತದೆ?

ಗಿಟಾರಿಗೆ ವಿದ್ಯುತ್ ಜೋಡಿಸಿದ್ದೇ ಜೋರಾಗಿ ಕೇಳಿಸಲೆಂದು. ಕಹಳೆ, ಡ್ರಮ್ಮುಗಳ ನಡುವೆ ಮುಳುಗಿಹೋಗುತ್ತಿದ್ದ ಈ ವಾದ್ಯಕ್ಕೆ 1930ರ ದಶಕದ ಆರಂಭದಲ್ಲಿ ಅಯಸ್ಕಾಂತದ ಪಿಕಪ್ ಬಂತು. ಆದ್ದರಿಂದ ಜೋರು ಎಂಬುದು ಅದರ ಸ್ವಭಾವದಲ್ಲೇ ಬೆರೆತಿದೆ. ಸ್ಪೀಕರಿನಲ್ಲಿ ನುಡಿಸುವಾಗ ಎದೆಗೆ, ಕಾಲಿಗೆ ಒಂದು ಅದುರು ತಟ್ಟುತ್ತದೆ. ಹೆಡ್‌ಫೋನಿನಲ್ಲಿ ಆ ಅದುರು ಇಲ್ಲ. ಏನೋ ಕೊರತೆ ಎನಿಸಿ ಗುಂಡಿ ತಿರುಗುತ್ತದೆ.

ಎರಡನೆಯದು ಕೊಡಗಿನ ಮಳೆ. ಸುತ್ತಲಿನ ಸದ್ದು ಹೆಚ್ಚಿದಷ್ಟೂ ಮನುಷ್ಯ ತಾನು ಕೇಳುವುದನ್ನು ಅದಕ್ಕಿಂತ ಮೇಲೆ ಇಟ್ಟುಕೊಳ್ಳುತ್ತಾನೆ. ಬಸ್ಸಿನಲ್ಲಿ ಕುಳಿತು ಹಾಡು ಕೇಳುವವರು ಮಾಡುವುದೂ ಅದನ್ನೇ. ಹೆಂಚಿನ ಮೇಲೆ, ಅದಕ್ಕಿಂತಲೂ ತಗಡಿನ ಮಾಡಿನ ಮೇಲೆ ಆಷಾಢದ ಮಳೆ ಬೀಳುವಾಗ ಮೇ ತಿಂಗಳಲ್ಲಿ ಸಾಕಾಗುತ್ತಿದ್ದ ಸದ್ದು ಸಾಲುವುದಿಲ್ಲ. ಮಳೆ ನಿಂತ ಮೇಲೆ ಗುಂಡಿಯನ್ನು ಹಿಂದಕ್ಕೆ ತಿರುಗಿಸಲು ಮಾತ್ರ ಯಾರಿಗೂ ನೆನಪಾಗುವುದಿಲ್ಲ.

ಮೂರನೆಯದು, ಹಾಡಿನ ಜೊತೆ ನುಡಿಸುವ ರೂಢಿ. ಫೋನಿನಲ್ಲಿ ಹಾಡು ಹಾಕಿಕೊಂಡು ಅದರ ಮೇಲೆ ಗಿಟಾರ್ ನುಡಿಸುವಾಗ ಗಿಟಾರ್ ಕೇಳದಿದ್ದರೆ ಗಿಟಾರ್ ಏರುತ್ತದೆ, ಆಮೇಲೆ ಹಾಡು ಕೇಳದೆ ಹಾಡು ಏರುತ್ತದೆ. ಹತ್ತು ನಿಮಿಷದಲ್ಲಿ ಎರಡೂ ನೆತ್ತಿಗೇರಿರುತ್ತವೆ. ಕಲಿಯುವವರು ಒಂದು ನಿಯಮ ಇಟ್ಟುಕೊಳ್ಳಲಿ: ಯಾವುದು ಕೇಳುತ್ತಿಲ್ಲವೋ ಅದನ್ನು ಏರಿಸುವ ಬದಲು ಇನ್ನೊಂದನ್ನು ಇಳಿಸಬೇಕು.

ಇದರ ಜೊತೆಗೆ ಡಿಸ್ಟಾರ್ಶನ್ ಎಂಬ ಒರಟು ಧ್ವನಿ. ಸಾದಾ ಧ್ವನಿಯಲ್ಲಿ ತಂತಿ ಮೀಟಿದೊಡನೆ ಸದ್ದು ಚಿಮ್ಮಿ ಮರುಕ್ಷಣವೇ ಕುಗ್ಗುತ್ತದೆ. ನಡುವೆ ಕಿವಿಗೆ ಬಿಡುವು ಸಿಗುತ್ತದೆ. ಡಿಸ್ಟಾರ್ಶನ್‌ನಲ್ಲಿ ಸದ್ದು ಕುಗ್ಗದೆ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಕೇಳಲು ಅಷ್ಟೇ ಜೋರು ಎನಿಸಿದರೂ ಕಿವಿಗೆ ಬೀಳುವ ಒಟ್ಟು ಹೊರೆ ಹೆಚ್ಚು. ಹುಡುಗರಿಗೆ ಇಷ್ಟವಾಗುವುದು ಅದೇ ಧ್ವನಿ, ಏನು ಮಾಡೋಣ!

ಲೆಕ್ಕ ಹೀಗಿದೆ

ಕಿವಿಗೆ ಮುಖ್ಯವಾದದ್ದು ಸದ್ದು ಎಷ್ಟು ಜೋರು ಎಂಬುದಷ್ಟೇ ಅಲ್ಲ, ಎಷ್ಟು ಹೊತ್ತು ಎಂಬುದೂ ಹೌದು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ವಯಸ್ಕರು 80 ಡೆಸಿಬೆಲ್ ಸದ್ದನ್ನು ವಾರಕ್ಕೆ 40 ಗಂಟೆಯವರೆಗೆ ಕೇಳಬಹುದು. ಮಕ್ಕಳಿಗೆ 75 ಡೆಸಿಬೆಲ್ ಇಟ್ಟುಕೊಳ್ಳುವುದು ಕ್ಷೇಮ. ಡೆಸಿಬೆಲ್ ಲೆಕ್ಕ ನಮ್ಮ ಸೇರು, ಕಿಲೋಗಳಂತೆ ಸಾಗುವುದಿಲ್ಲ. ಪ್ರತಿ 3 ಡೆಸಿಬೆಲ್ ಏರಿಕೆಗೆ ಸದ್ದಿನ ಶಕ್ತಿ ಇಮ್ಮಡಿಯಾಗುತ್ತದೆ, ಕೇಳಬಹುದಾದ ಸಮಯ ಅರ್ಧಕ್ಕೆ ಇಳಿಯುತ್ತದೆ. ವಯಸ್ಕರಿಗೆ 85 ಡೆಸಿಬೆಲ್‌ನಲ್ಲಿ ವಾರಕ್ಕೆ ಹನ್ನೆರಡೂವರೆ ಗಂಟೆ, 90ರಲ್ಲಿ ನಾಲ್ಕು ಗಂಟೆ, 95ರಲ್ಲಿ ಒಂದೂಕಾಲು ಗಂಟೆ, 100ರಲ್ಲಿ ಇಡೀ ವಾರಕ್ಕೆ ಇಪ್ಪತ್ತೇ ನಿಮಿಷ. ಗಿಟಾರಿನ ಹೆಡ್‌ಫೋನ್ ಆಂಪ್‌ಗಳಲ್ಲಿ ಹಲವು 100 ಡೆಸಿಬೆಲ್ ಮೀರಬಲ್ಲವು. “ಬಹಳ ಹೊತ್ತಾಯಿತು, ಕಡಿಮೆ ಮಾಡಿ” ಎಂದು ಎಚ್ಚರಿಸುವ ಏರ್ಪಾಡು ಈಗಿನ ಫೋನುಗಳಲ್ಲಿದೆ. ಈ ಪುಟ್ಟ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಈ ಲೆಕ್ಕಕ್ಕೆ ಹಗಲಿನ ಸದ್ದನ್ನೂ ಸೇರಿಸಬೇಕು. ಕಾಫಿ ತೋಟದಲ್ಲಿ ಕಳೆ ಕತ್ತರಿಸುವ ಯಂತ್ರ ಹೆಗಲಿಗೇರಿಸಿದವನ ಕಿವಿಯ ಬಳಿ ಸದ್ದು 90 ಡೆಸಿಬೆಲ್ ದಾಟುವುದು ಸಾಮಾನ್ಯ. ಮರ ಕೊಯ್ಯುವ ಯಂತ್ರದ ಸದ್ದು ಅದಕ್ಕಿಂತಲೂ ಹೆಚ್ಚು. ರಜಾದಿನ ತಂದೆಗೆ ನೆರವಾಗಲು ಈ ಯಂತ್ರ ಹಿಡಿದ ಹುಡುಗ ಅಂದಿನ ಪಾಲನ್ನು ಮಧ್ಯಾಹ್ನದೊಳಗೇ ಮುಗಿಸಿರುತ್ತಾನೆ. ರಾತ್ರಿ ಕಿವಿಗೆ ಬೇಕಾದದ್ದು ವಿಶ್ರಾಂತಿ. ಇನ್ನು ಕೋವಿಯ ವಿಷಯ. ಕೈಲ್ ಮುಹೂರ್ತದ ದಿನ ತೆಂಗಿನಕಾಯಿಗೆ ಗುರಿಯಿಡುವುದೂ ಪುತ್ತರಿಯಲ್ಲಿ ಕದಿರು ತೆಗೆಯುವಾಗ ಗುಂಡು ಹಾರಿಸುವುದೂ ನಮ್ಮ ಹೆಮ್ಮೆಯ ಸಂಪ್ರದಾಯಗಳು. ಆದರೆ ಕೋವಿಯ ಒಂದು ಗುಂಡಿನ ಸದ್ದು 140 ಡೆಸಿಬೆಲ್ ಮೀರುತ್ತದೆ. ಅಲ್ಲಿ ಹೊತ್ತಿನ ಲೆಕ್ಕವೇ ಇಲ್ಲ, ಒಂದೇ ಏಟಿಗೆ ಹಾನಿಯಾಗಬಹುದು. ಬಲಗೈಯವರು ಗುರಿಯಿಟ್ಟಾಗ ಕೋವಿಯ ಬಾಯಿಗೆ ಹತ್ತಿರವಾಗುವ ಎಡಗಿವಿಗೆ ಪೆಟ್ಟು ಹೆಚ್ಚು. ಸೈನ್ಯದಿಂದ ನಿವೃತ್ತರಾಗಿ ಬಂದ ಅಜ್ಜಂದಿರಲ್ಲಿ ಕೆಲವರು ಟಿ.ವಿ.ಯನ್ನು ಏಕೆ ಅಷ್ಟು ಜೋರಾಗಿ ಇಡುತ್ತಾರೆ ಎಂದು ಮೊಮ್ಮಕ್ಕಳು ನಗುವ ಮೊದಲು ಇದನ್ನು ನೆನೆಯಬೇಕು. ಗುಂಡು ಹಾರಿಸುವಾಗ, ಯಂತ್ರ ಹಿಡಿಯುವಾಗ ಕಿವಿಗೆ ರಕ್ಷಕ ಹಾಕಿಕೊಳ್ಳುವುದು ಹೇಡಿತನವೇನಲ್ಲ.

ಕಡಿಮೆ ಖರ್ಚಿನಲ್ಲಿ ಏನು ಕೊಳ್ಳಬೇಕು?

ಮೊದಲ ಉತ್ತರ: ಏನೂ ಬೇಡ. ಗಟ್ಟಿ ಮರದ ಎಲೆಕ್ಟ್ರಿಕ್ ಗಿಟಾರಿಗೆ ಹೊಟ್ಟೆ ಟೊಳ್ಳಿಲ್ಲ. ತಂತಿ ಜೋಡಿಸದೆ ನುಡಿಸಿದರೆ ಅದರ ಸದ್ದು ನಮ್ಮ ಮಾತಿಗಿಂತ ಮೆಲ್ಲಗಿರುತ್ತದೆ. ಮಳೆಯಿಲ್ಲದ ತಿಂಗಳುಗಳಲ್ಲಿ ತೋಟದ ನಡುವಿನ ಮನೆಯ ರಾತ್ರಿ ಎಷ್ಟು ನಿಶ್ಶಬ್ದವೆಂದರೆ, ನುಡಿಸುವವನಿಗೆ ಅಷ್ಟೇ ಧಾರಾಳ. ಸ್ವರಶ್ರೇಣಿ, ಕಾರ್ಡ್ ಬದಲಾಯಿಸುವುದು, ಬೆರಳು ಪಳಗಿಸುವುದು ಇವಕ್ಕೆಲ್ಲ ಆಂಪ್ ಬೇಕಿಲ್ಲ. ಆಂಪ್ ಇಲ್ಲದಾಗ ತಪ್ಪು ಮೀಟು ಮುಚ್ಚಿಹೋಗುವುದಿಲ್ಲ ಎಂಬುದು ಇನ್ನೊಂದು ಲಾಭ. ರಾತ್ರಿಯ ಒಂದು ಗಂಟೆಯಲ್ಲಿ ಮೊದಲ ಅರ್ಧ ಗಂಟೆ ಹೀಗೆ ಕಳೆಯಲಿ. ಆಮೇಲೆ ಇಪ್ಪತ್ತು ನಿಮಿಷ ಹೆಡ್‌ಫೋನಿನಲ್ಲಿ ಸಾದಾ ಧ್ವನಿ. ಡಿಸ್ಟಾರ್ಶನ್ ಕೊನೆಯ ಹತ್ತು ನಿಮಿಷಕ್ಕೆ, ಊಟದ ಕೊನೆಯ ಪಾಯಸದಂತೆ. ಇಡೀ ಊಟವೇ ಪಾಯಸವಾದರೆ ಯಾರಿಗೂ ಒಳ್ಳೆಯದಲ್ಲ.

ಹೆಡ್‌ಫೋನನ್ನು ನೇರವಾಗಿ ಗಿಟಾರಿಗೆ ಸಿಕ್ಕಿಸಿದರೆ ಏನೂ ಕೇಳುವುದಿಲ್ಲ, ಪಿಕಪ್ಪಿನ ಸಂಕೇತ ಅಷ್ಟು ದುರ್ಬಲ. ನಡುವೆ ಒಂದು ಆಂಪ್ ಬೇಕು. ಮನೆಯಲ್ಲಿ ಈಗಾಗಲೇ ಚಿಕ್ಕ ಆಂಪ್ ಇದ್ದರೆ ಅದರ ಮುಂಭಾಗವನ್ನೋ ಹಿಂಭಾಗವನ್ನೋ ನೋಡಿ. ಹೆಡ್‌ಫೋನ್ ಚಿತ್ರವಿರುವ ರಂಧ್ರ ಬಹಳಷ್ಟು ಅಭ್ಯಾಸದ ಆಂಪ್‌ಗಳಲ್ಲಿ ಇರುತ್ತದೆ. ಅದಿದ್ದರೆ ಹೊಸದು ಕೊಳ್ಳುವ ಅಗತ್ಯವಿಲ್ಲ. ‘ಸ್ಪೀಕರ್’ ಎಂದು ಬರೆದ ರಂಧ್ರಕ್ಕೆ ಮಾತ್ರ ಹೆಡ್‌ಫೋನನ್ನು ಎಂದಿಗೂ ಸಿಕ್ಕಿಸಬಾರದು. ಅಲ್ಲಿಂದ ಬರುವ ಶಕ್ತಿಗೆ ಹೆಡ್‌ಫೋನ್ ಸುಡಬಹುದು, ಕಿವಿಗೂ ಭಾರಿ ಏಟು ಬೀಳಬಹುದು.

ಇಲ್ಲದಿದ್ದರೆ ಗಿಟಾರಿನ ರಂಧ್ರಕ್ಕೇ ಸಿಕ್ಕಿಸುವ, ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡದಾದ ಹೆಡ್‌ಫೋನ್ ಆಂಪ್‌ಗಳು ಸಿಗುತ್ತವೆ. ವಾಕ್ಸ್ ಕಂಪನಿಯ ಆಂಪ್‌ಪ್ಲಗ್ ಈ ಬಗೆಯದು. ಅದೇ ಮಾದರಿಯ ಅಗ್ಗದ ಬೇರೆ ತಯಾರಿಕೆಗಳೂ ಇವೆ. ಕೆಲವು ಸಣ್ಣ ಬ್ಯಾಟರಿಯಿಂದ, ಕೆಲವು ಚಾರ್ಜ್ ಮಾಡಿ ನಡೆಯುತ್ತವೆ. ಕೊಡಗಿನಲ್ಲಿ ಮಳೆಗಾಲದ ಕರೆಂಟಿನ ಪಾಡು ಎಲ್ಲರಿಗೂ ಗೊತ್ತಿರುವುದರಿಂದ ಇವು ನಮಗೆ ಹೇಳಿ ಮಾಡಿಸಿದಂತಿವೆ. ಗಿಟಾರನ್ನು ಫೋನಿಗೋ ಕಂಪ್ಯೂಟರಿಗೋ ಜೋಡಿಸುವ ಸಾಧನಗಳೂ ಇವೆ. ಆಂಪ್‌ಗೆ ಹಣ ಉಳಿಸಿ ಹೆಡ್‌ಫೋನಿಗೆ ಸ್ವಲ್ಪ ಹೆಚ್ಚು ಹಾಕುವುದು ಜಾಣತನ ಎಂಬುದು ನನ್ನ ಅಭಿಪ್ರಾಯ. ಕಾರಣ ಮತ್ತೆ ಮಳೆಯೇ. ಇಡೀ ಕಿವಿಯನ್ನು ಮುಚ್ಚುವ, ಹಿಂಭಾಗ ಬಂದ್ ಇರುವ ಹೆಡ್‌ಫೋನ್ ಹೊರಗಿನ ಸದ್ದನ್ನು ತಡೆಯುವುದರಿಂದ ಒಳಗಿನ ಸದ್ದು ಕಡಿಮೆಯಿದ್ದರೂ ಸಾಕಾಗುತ್ತದೆ. ಕಿವಿಯ ಬಾಯಲ್ಲಿ ಸಡಿಲವಾಗಿ ಕೂರುವ ಅಗ್ಗದ ಇಯರ್‌ಫೋನ್ ಮಳೆಯ ಸದ್ದನ್ನೂ ತಡೆಯುವುದಿಲ್ಲ, ಗಿಟಾರಿನ ದಪ್ಪ ಸ್ವರಗಳನ್ನೂ ಸರಿಯಾಗಿ ಕೊಡುವುದಿಲ್ಲ. ಕೊನೆಗೆ ಗುಂಡಿ ಏರುತ್ತದೆ.

ತಂತಿಯಿಲ್ಲದ ಬ್ಲೂಟೂತ್ ಹೆಡ್‌ಫೋನ್ ಈ ಕೆಲಸಕ್ಕೆ ಆಗದು. ಹಾಡು ಕೇಳುವಾಗ ತಿಳಿಯದ ಸಣ್ಣ ವಿಳಂಬ ನುಡಿಸುವಾಗ ದೊಡ್ಡ ತೊಡಕಾಗುತ್ತದೆ: ಬೆರಳು ಮೀಟಿದ ಮೇಲೆ ಸ್ವರ ತಡವಾಗಿ ಬರುತ್ತದೆ, ತಾಳ ಕೆಡುತ್ತದೆ. ಇನ್ನೊಂದು ಸೂಚನೆ. ಹೆಡ್‌ಫೋನಿನ ಒಂದೇ ಕಿವಿಯಲ್ಲಿ ಸದ್ದು ಬರುತ್ತಿದ್ದರೆ ನಡುವಿನ ಅಡಾಪ್ಟರ್ ಹೊಂದುತ್ತಿಲ್ಲ ಎಂದು ಅರ್ಥ. ಒಂದು ಕಿವಿಯ ಕೊರತೆ ತುಂಬಲು ಇನ್ನೊಂದು ಕಿವಿಗೆ ಎರಡರಷ್ಟು ಸುರಿಯುವ ಬದಲು ಅಂಗಡಿಯಲ್ಲಿ ಕೇಳಿ ಸರಿಯಾದ ಅಡಾಪ್ಟರ್ ತರಬೇಕು. ಅದಕ್ಕೆ ಹೆಚ್ಚು ಖರ್ಚಿಲ್ಲ.

ಒಂದು ಚುಕ್ಕೆ ಉಗುರುಬಣ್ಣ

ಹೆಡ್‌ಫೋನಿನ ಒಳಗಿನ ಸದ್ದನ್ನು ಅಳೆಯುವ ಯಂತ್ರ ಮನೆಗಳಲ್ಲಿ ಇರುವುದಿಲ್ಲ. ಆದ್ದರಿಂದ ಒರಟು ಲೆಕ್ಕವೇ ಗತಿ. ಮಳೆಯಿಲ್ಲದ ಒಂದು ಸಂಜೆ, ಕಿವಿ ದಣಿದಿಲ್ಲದಾಗ ಗುಂಡಿಯನ್ನು ಸೊನ್ನೆಯಿಂದ ನಿಧಾನವಾಗಿ ಏರಿಸಿ. ಪ್ರತಿ ಸ್ವರವೂ ಸ್ಪಷ್ಟವಾಗಿ ಕೇಳಿದ ಮೊದಲ ಜಾಗದಲ್ಲಿ ನಿಲ್ಲಿಸಿ. ಈಗ ಹೆಡ್‌ಫೋನ್ ತೆಗೆದು ಕೈಯಳತೆಯ ದೂರದಲ್ಲಿ ಹಿಡಿದು, ಇನ್ನೊಬ್ಬರು ತಂತಿ ಮೀಟಲಿ. ಅಷ್ಟು ದೂರಕ್ಕೂ ಹೆಡ್‌ಫೋನಿನಿಂದ ಸ್ವರ ಬಿಡಿಬಿಡಿಯಾಗಿ ಕೇಳಿದರೆ ಜೋರು ಹೆಚ್ಚಾಗಿದೆ, ಇನ್ನಷ್ಟು ಇಳಿಸಿ. ಸರಿಯೆನಿಸಿದ ಜಾಗದಲ್ಲಿ ಗುಂಡಿಯ ಪಕ್ಕ ಉಗುರುಬಣ್ಣದ ಒಂದು ಚುಕ್ಕೆ ಇಡಿ. ಅದೇ ಅಂದಿನಿಂದ ಗಡಿ. ತಾಯಿಯೋ ಅಕ್ಕನೋ ಆಗಾಗ ಬಂದು ಗುಂಡಿ ಚುಕ್ಕೆಯ ಯಾವ ಕಡೆಗಿದೆ ಎಂದು ನೋಡಬಹುದು. ಕಳೆದುಹೋದ ಆ ಹಳೆಯ ಗದರಿಕೆ ಹೀಗಾದರೂ ಮರಳಿ ಬರಲಿ. ಗಿಟಾರಿನ ಮೇಲೂ ಆಂಪ್‌ನ ಮೇಲೂ ಎರಡೆರಡು ಗುಂಡಿಗಳಿರುವುದುಂಟು. ಗಿಟಾರಿನದನ್ನು ಪೂರ್ತಿ ತೆರೆದಿಟ್ಟು ಆಂಪ್‌ನದಕ್ಕೆ ಚುಕ್ಕೆ ಇಟ್ಟರೆ ಮೋಸಕ್ಕೆ ಎಡೆಯಿರುವುದಿಲ್ಲ.

ಜೋಡಿಸುವ ಕ್ರಮವೂ ಮುಖ್ಯ. ಹೆಡ್‌ಫೋನ್ ತಲೆಗೆ ಹಾಕಿಕೊಂಡೇ ತಂತಿ ಸಿಕ್ಕಿಸಿದರೆ ‘ಠಪ್’ ಎಂಬ ಸದ್ದು ಗುಂಡಿನಂತೆ ಕಿವಿಗೆ ಬಡಿಯುತ್ತದೆ. ಸದ್ದನ್ನು ಸೊನ್ನೆಗೆ ಇಳಿಸಿ, ತಂತಿಗಳನ್ನು ಜೋಡಿಸಿ, ಆಂಪ್ ಹಚ್ಚಿ, ಆಮೇಲೆ ಹೆಡ್‌ಫೋನ್ ಹಾಕಿಕೊಂಡು, ಕೊನೆಯಲ್ಲಿ ಸದ್ದು ಏರಿಸಬೇಕು. ನಿಲ್ಲಿಸುವಾಗ ಮೊದಲು ಕಿವಿಯಿಂದ ಹೆಡ್‌ಫೋನ್ ತೆಗೆಯಬೇಕು.

ಹಾಗೆಯೇ, ಕಿವಿ ಮುಚ್ಚಿ ಕುಳಿತವನಿಗೆ ಅಜ್ಜಿ ಕರೆದದ್ದು, ನಾಯಿ ಬೊಗಳಿದ್ದು ಯಾವುದೂ ಕೇಳುವುದಿಲ್ಲ. ಹಲಸು ಹಣ್ಣಾಗುವ ಕಾಲದಲ್ಲಿ ಆನೆ ಅಂಗಳಕ್ಕೆ ಬಂದರೂ ತಿಳಿಯದು! ಬಾಗಿಲಿಗೆ ಮುಖ ಮಾಡಿ ಕುಳಿತುಕೊಳ್ಳಲಿ. ಇಪ್ಪತ್ತು ನಿಮಿಷಕ್ಕೊಮ್ಮೆ ಹೆಡ್‌ಫೋನ್ ತೆಗೆದು ಐದು ನಿಮಿಷ ಬಿಡುವು ಕೊಟ್ಟರೆ ಕಿವಿಗೂ ಒಳ್ಳೆಯದು, ಮಣಿಕಟ್ಟಿಗೂ ಒಳ್ಳೆಯದು. ಬೆರಳು ಜೋಮು ಹಿಡಿದರೆ, ಮಣಿಕಟ್ಟು ನೋಯುತ್ತಿದ್ದರೆ “ಅಭ್ಯಾಸವಾದರೆ ಸರಿಹೋಗುತ್ತದೆ” ಎಂದು ಮುಂದುವರಿಸಬಾರದು.

ಶೀತ, ಬೂಷ್ಟು, ಸಿಡಿಲು

ಮಳೆಗಾಲದಲ್ಲಿ ನಮ್ಮ ಮನೆಗಳಲ್ಲಿ ಚರ್ಮದ ಚಪ್ಪಲಿಗೆ, ಬೆಲ್ಟಿಗೆ ಬೂಷ್ಟು ಹಿಡಿಯುತ್ತದೆ. ಹೆಡ್‌ಫೋನಿನ ಮೆತ್ತೆಯನ್ನು ಅದು ಬಿಡುತ್ತದೆಯೇ? ಬೆವರು, ತೇವ ಸೇರಿದ ಮೆತ್ತೆಯನ್ನು ದಿನವೂ ಗಂಟೆಗಟ್ಟಲೆ ಕಿವಿಗೆ ಒತ್ತಿಕೊಂಡರೆ ಕಿವಿಯ ನಾಳ ಬೆಚ್ಚಗೆ, ಒದ್ದೆಯಾಗಿ ಉಳಿಯುತ್ತದೆ. ಇಂಥಲ್ಲಿ ಶಿಲೀಂಧ್ರದ ಸೋಂಕು ಸುಲಭ. ತಡೆಯಲಾರದ ತುರಿಕೆ, ಕಿವಿ ಕಟ್ಟಿದಂತಾಗುವುದು, ಕೆಲವೊಮ್ಮೆ ಸೋರುವುದು ಇದರ ಲಕ್ಷಣಗಳು. ಹೇರ್‌ಪಿನ್, ಬೆಂಕಿಕಡ್ಡಿ ಹಾಕಿ ಕೆರೆಯುವುದು, ಬಿಸಿ ಎಣ್ಣೆ ಬಿಡುವುದು ರೋಗವನ್ನು ಹೆಚ್ಚಿಸುತ್ತವೆ. ವೈದ್ಯರು ಕಿವಿಯನ್ನು ಶುಚಿ ಮಾಡಿ ತಕ್ಕ ತೊಟ್ಟು ಔಷಧ ಕೊಟ್ಟರೆ ಗುಣವಾಗುತ್ತದೆ. ಅಲ್ಲಿಯವರೆಗೆ ಹೆಡ್‌ಫೋನ್ ಬೇಡ. ಅಭ್ಯಾಸ ಮುಗಿದ ಮೇಲೆ ಮೆತ್ತೆಯನ್ನು ಒಣಬಟ್ಟೆಯಿಂದ ಒರೆಸಿ, ಹೊಸ ಸಾಮಾನಿನ ಪೆಟ್ಟಿಗೆಗಳಲ್ಲಿ ಬರುವ ತೇವ ಹೀರುವ ಸಣ್ಣ ಪೊಟ್ಟಣಗಳ ಜೊತೆ ಡಬ್ಬಿಯಲ್ಲಿಟ್ಟರೆ ಸಾಕು. ಸ್ನಾನ ಮಾಡಿ ಕಿವಿ ಆರುವ ಮೊದಲು ಹಾಕಬಾರದು. ಒಂದೇ ಇಯರ್‌ಫೋನನ್ನು ಇಬ್ಬರು ಮೂವರು ಹಂಚಿಕೊಳ್ಳುವುದೂ ಸಲ್ಲದು.

ಕರೆಂಟಿನ ಆಂಪ್ ಬಳಸುವವರಿಗೆ ಒಂದು ಗಂಭೀರ ಎಚ್ಚರಿಕೆ. ಎಲೆಕ್ಟ್ರಿಕ್ ಗಿಟಾರಿನ ಲೋಹದ ತಂತಿಗಳು ಸಾಮಾನ್ಯವಾಗಿ ಆಂಪ್‌ನ ಭೂಸಂಪರ್ಕಕ್ಕೆ ಸೇರಿರುತ್ತವೆ. ಮನೆಯ ವೈರಿಂಗ್ ಹಳೆಯದಾಗಿ ಅರ್ತಿಂಗ್ ಸರಿಯಿಲ್ಲದಿದ್ದು, ಆಂಪ್‌ನಲ್ಲೂ ದೋಷವಿದ್ದರೆ ವಿದ್ಯುತ್ ತಂತಿಗೇ ಬರಬಹುದು. 1972ರಲ್ಲಿ ಬ್ರಿಟನ್ನಿನ ಸ್ವಾನ್ಸಿಯಲ್ಲಿ ಲೆಸ್ ಹಾರ್ವೆ ಎಂಬ ಗಿಟಾರ್ ವಾದಕ ಕಾರ್ಯಕ್ರಮಕ್ಕೆ ಸಿದ್ಧವಾಗುತ್ತಿದ್ದಾಗಲೇ ಮೈಕ್ ಮುಟ್ಟಿ ವಿದ್ಯುದಾಘಾತದಿಂದ ಮೃತಪಟ್ಟರು. ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿನ ರಂಧ್ರಕ್ಕೆ ಬಲವಂತವಾಗಿ ಸೇರಿಸುವುದು, ಮಳೆಗಾಲದ ಥಂಡಿ ನೆಲದ ಮೇಲೆ ಬರಿಗಾಲಲ್ಲಿ ಕೂರುವುದು ಬೇಡ. ತಂತಿ ಮುಟ್ಟಿದಾಗ ಜುಮ್ಮೆಂದರೆ ಅಂದೇ ನಿಲ್ಲಿಸಿ ಎಲೆಕ್ಟ್ರಿಷಿಯನ್ನರನ್ನು ಕರೆಯಿರಿ. ಗುಡುಗು ಸಿಡಿಲಿನ ಹೊತ್ತು ಪ್ಲಗ್ ಕಿತ್ತಿಡಬೇಕು. ಅಂಥ ರಾತ್ರಿಗಳಿಗೆ ಬ್ಯಾಟರಿಯ ಆಂಪ್ ಅಥವಾ ಬರಿಯ ಗಿಟಾರೇ ಸರಿ.

ನಿದ್ರೆಯ ಬಗ್ಗೆ ಎರಡೇ ಮಾತು. ಹದಿನಾಲ್ಕರಿಂದ ಹದಿನೇಳು ವರ್ಷದವರಿಗೆ 8ರಿಂದ 10 ಗಂಟೆ ನಿದ್ರೆ ಬೇಕು. ಬೆಳಗ್ಗೆ ಆರಕ್ಕೆ ಏಳುವವನು ಹತ್ತಕ್ಕೆ ಗಿಟಾರ್ ಕೆಳಗಿಡಲೇಬೇಕು. ಊಟದ ಮೊದಲು ಒಂದು ಗಂಟೆ ಅಭ್ಯಾಸಕ್ಕೆ ಬಿಟ್ಟುಕೊಟ್ಟರೆ ಮನೆಯವರಿಗೆ ಹೆಚ್ಚೇನೂ ನಷ್ಟವಿಲ್ಲ.

ವೈದ್ಯರ ಬಳಿಗೆ ಯಾವಾಗ?

ಅಭ್ಯಾಸ ಮುಗಿಸಿ ಹೆಡ್‌ಫೋನ್ ತೆಗೆದಾಗ ಕಿವಿಯಲ್ಲಿ ‘ಗುಂಯ್’ ಎಂಬ ಮೊರೆತವಿದ್ದರೆ, ಮನೆಯವರ ಮಾತು ಹತ್ತಿಯೊಳಗಿಂದ ಬಂದಂತೆ ಕೇಳಿದರೆ ಅಂದಿನ ಸದ್ದು ಮಿತಿ ಮೀರಿದೆ. ಚುಕ್ಕೆಯನ್ನು ಇನ್ನೂ ಕೆಳಗಿಡಬೇಕು. ಒಂದೆರಡು ದಿನ ಬರಿಯ ಗಿಟಾರ್ ನುಡಿಸಲಿ. ಮರುದಿನಕ್ಕೂ ಮೊರೆತ ನಿಲ್ಲದಿದ್ದರೆ ಅಥವಾ ಮತ್ತೆ ಮತ್ತೆ ಬರುತ್ತಿದ್ದರೆ ಕಿವಿ, ಮೂಗು, ಗಂಟಲು ತಜ್ಞರಿಗೆ ತೋರಿಸಿ ಶ್ರವಣ ಪರೀಕ್ಷೆ ಮಾಡಿಸಬೇಕು. ಅದರಲ್ಲಿ ನೋವಿಲ್ಲ. ಸದ್ದಿಲ್ಲದ ಕೋಣೆಯಲ್ಲಿ ಕುಳಿತು, ಬೇರೆ ಬೇರೆ ಸ್ಥಾಯಿಯ ಸಣ್ಣ ಸದ್ದು ಕೇಳಿದಾಗ ಬೆರಳೆತ್ತುವುದು ಅಥವಾ ಗುಂಡಿ ಒತ್ತುವುದು, ಅಷ್ಟೆ. ಫಲಿತಾಂಶದ ನಕ್ಷೆಯಲ್ಲಿ 4,000 ಹರ್ಟ್ಜ್ ಬಳಿ ಗುಳಿ ಬಿದ್ದಿದ್ದರೆ ಸದ್ದಿನಿಂದಾದ ಹಾನಿಯ ಅನುಮಾನ ಬಲವಾಗುತ್ತದೆ. ಆಗಲೇ ಎಚ್ಚೆತ್ತರೆ ಉಳಿದದ್ದನ್ನು ಉಳಿಸಿಕೊಳ್ಳಬಹುದು. ಗಿಟಾರ್ ಜೊತೆಗೆ ತೋಟದ ಯಂತ್ರವನ್ನೂ ಬಳಸುವವರು ತೊಂದರೆ ಕಾಣುವ ಮೊದಲೇ ಒಮ್ಮೆ ಈ ನಕ್ಷೆ ಮಾಡಿಸಿ ಇಟ್ಟುಕೊಂಡರೆ ಮುಂದೆ ಹೋಲಿಸಿ ನೋಡಲು ಅನುಕೂಲ.

ಜಿಲ್ಲೆಯವರಿಗೆ ಹತ್ತಿರದ್ದು ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧಕ ಆಸ್ಪತ್ರೆ. ಹೆಚ್ಚಿನ ತಪಾಸಣೆಗೆ ಸುಮಾರು 120 ಕಿಲೋಮೀಟರ್ ದೂರದ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1960ರ ದಶಕದಲ್ಲಿ ಸ್ಥಾಪನೆಯಾದ ಈ ಕೇಂದ್ರ ಸರ್ಕಾರಿ ಸಂಸ್ಥೆ ಕಿವಿ ಮತ್ತು ಮಾತಿನ ತೊಂದರೆಗಳಿಗೇ ಮೀಸಲಾದುದು.

ಒಂದು ಸಂದರ್ಭದಲ್ಲಿ ಮಾತ್ರ ಕಾಯಲೇಬಾರದು. ಬೆಳಗ್ಗೆ ಎದ್ದಾಗಲೋ, ನಡುವೆ ಇದ್ದಕ್ಕಿದ್ದಂತೆಯೋ ಒಂದು ಕಿವಿ ಕೇಳದಂತಾದರೆ “ಶೀತವಾಗಿರಬೇಕು, ಗುಗ್ಗೆ ಕಟ್ಟಿರಬೇಕು” ಎಂದು ವಾರಗಟ್ಟಲೆ ಎಣ್ಣೆ ಬಿಡುತ್ತಾ ಕೂರಬೇಡಿ. ಅದು ಒಳಗಿವಿಯ ನರಕ್ಕೆ ಸಂಬಂಧಿಸಿದ್ದಾಗಿರಬಹುದು. ಅದಕ್ಕೆ ಸ್ಟೀರಾಯ್ಡ್ ಚಿಕಿತ್ಸೆ ಇದೆ, ಆದರೆ ಬೇಗ ಆರಂಭಿಸಿದಷ್ಟೂ ಕಿವಿ ಮರಳುವ ಸಾಧ್ಯತೆ ಹೆಚ್ಚು. ಅದೇ ದಿನ, ತಪ್ಪಿದರೆ ಮರುದಿನವೇ, ಮಳೆಯಿದ್ದರೂ ಸರಿ, ಆಸ್ಪತ್ರೆಗೆ ಹೊರಡಬೇಕು.